ದೊಡ್ಡ ಕೋವಿಯೊಳಗೆ ಪುಟ್ಟ ತೋಟಾ

ಎನ್‌ಸಿಸಿ ಶಿಬಿರಕ್ಕೆ ಹೋಗಿಬಂದವರಿಗೆ .22 ರೈಫಲ್ಲು ಗೊತ್ತು. ಕವಾಯತು ಮುಗಿದ ಮೇಲೆ ಫೈರಿಂಗ್ ರೇಂಜಿಗೆ ಕರೆದೊಯ್ದು, ನೆಲದ ಮೇಲೆ ಬೋರಲು ಮಲಗಿಸಿ, 25 ಗಜ ದೂರದ ಹಲಗೆಗೆ ಗುರಿಯಿಡಲು ಹೇಳುತ್ತಾರೆ. ಹಲಗೆಯಲ್ಲಿ ತೂತುಗಳು ಒಂದರ ಪಕ್ಕ ಒಂದು ಒತ್ತಾಗಿ ಬಿದ್ದರೆ ಒಳ್ಳೆಯ ‘ಗ್ರೂಪಿಂಗ್’, ಚದುರಿಹೋದರೆ ಇನ್ನಷ್ಟು ಅಭ್ಯಾಸ ಬೇಕು ಎಂದರ್ಥ. ಕೆಡೆಟ್‌ಗಳ ಕೈಗೆ ಬಂದ ಮಾದರಿಗಳಲ್ಲೊಂದು ನೋಡಲು ಥೇಟ್ ಮಹಾಯುದ್ಧ ಕಾಲದ ಸೈನಿಕನ ಕೋವಿ. ಅದೇ ಉದ್ದ, ಅದೇ ಮರದ ಹಿಡಿ, ನಾಲ್ಕು ಕಿಲೋ ಆಸುಪಾಸಿನ ಅದೇ ತೂಕ. ಭುಜ ಬಿಗಿಹಿಡಿದು, ಕಣ್ಣು ಕಿರಿದು ಮಾಡಿ ಟ್ರಿಗರ್ ಎಳೆದರೆ ‘ಟಪ್’ ಎಂಬ ಸದ್ದು ಬರುತ್ತದೆ, ಒದೆತ ಮಾತ್ರ ಇದ್ದೂ ಇಲ್ಲದಂತೆ.

ಅದು ನಿಜಕ್ಕೂ ಸೈನಿಕನ ಕೋವಿಯೇ. .303 ಲೀ–ಎನ್‌ಫೀಲ್ಡ್ ರೈಫಲ್ಲಿನ ಒಡಲನ್ನು ಹಾಗೇ ಉಳಿಸಿಕೊಂಡು, ಕಡಿಮೆ ಕಸುವಿನ ಪುಟ್ಟ ತೋಟಾವನ್ನು ಅದು ಹಾರಿಸುವಂತೆ ಬದಲಿಸಿದ್ದಾರೆ. ದೊಡ್ಡ ತೋಟಾಕ್ಕೆಂದು ಹುಟ್ಟಿದ ಕೋವಿಗೆ ಸಣ್ಣ ತೋಟಾ ತಿನ್ನಿಸುವ ಈ ಕಲೆಗೆ ನೂರನಲವತ್ತು ವರ್ಷಗಳ ಇತಿಹಾಸವಿದೆ. ಇಂದು ಅದು ಕೈಯಳತೆಯ ಒಂದು ಪೆಟ್ಟಿಗೆಯಲ್ಲಿ ಹಿಡಿಸುವ ‘ಕನ್ವರ್ಷನ್ ಕಿಟ್’ ಆಗಿದೆ. ಕೆಲವೇ ನಿಮಿಷಗಳಲ್ಲಿ ಕೋವಿಯೊಳಗೆ ಕೂರಿಸಬಹುದು, ಕೆಲವೇ ನಿಮಿಷಗಳಲ್ಲಿ ತೆಗೆಯಬಹುದು. ಕೆಲಸ ಸರಳವಾಗಿ ಕಾಣುತ್ತದೆ. ಆದರೆ ಅದು ಎಲ್ಲಿ ಗೆಲ್ಲುತ್ತದೆ, ಎಲ್ಲಿ ಎಡವುತ್ತದೆ ಎಂದು ಹುಡುಕುತ್ತ ಹೋದರೆ ಪ್ರತಿ ಸಲವೂ ಒಂದೇ ಜಾಗಕ್ಕೆ ಬಂದು ನಿಲ್ಲುತ್ತೇವೆ: ಆ ಪುಟ್ಟ ತೋಟಾದ ಬುಡದಲ್ಲಿರುವ ತೆಳುವಾದ ಹಿತ್ತಾಳೆಯ ಅಂಚು.

ಅಂಚಿಗೊಂದು ಪೆಟ್ಟು, ನಡುವಿಗೊಂದು ಪೆಟ್ಟು

ತೋಟಾ ಎಂದರೆ ನಾಲ್ಕು ವಸ್ತುಗಳ ಒಂದು ಕಟ್ಟು. ತುದಿಯಲ್ಲಿ ಗುಂಡು, ಅದರ ಹಿಂದೆ ಮದ್ದು, ಎರಡನ್ನೂ ಹಿಡಿದಿಡುವ ಹಿತ್ತಾಳೆಯ ಕೊಳವೆ, ಮದ್ದಿಗೆ ಕಿಡಿ ಕೊಡುವ ಸಿಡಿಪುಡಿ. ಪೆಟ್ಟು ಬಿದ್ದರೆ ಸಿಡಿಯುವ ಈ ಪುಡಿಯನ್ನು ಮಲೆನಾಡಿನ ಹಳೆಯ ಕೇಪಿನ ಕೋವಿಗಳನ್ನು ಕಂಡವರು ಬಲ್ಲರು. ಅಲ್ಲಿ ಕೇಪು ಹೊರಗಿರುತ್ತಿತ್ತು, ತೋಟಾ ಬಂದ ಮೇಲೆ ಅದು ಒಳಗೆ ಸೇರಿತು. ಒಳಗೆ ಎಲ್ಲಿ ಎನ್ನುವುದರ ಮೇಲೆ ತೋಟಾಗಳಲ್ಲಿ ಎರಡು ಕುಲಗಳಾದವು.

ಮೊದಲ ಕುಲ ರಿಮ್‌ಫೈರ್. ಇದರಲ್ಲಿ ಕೊಳವೆಯ ಬುಡವನ್ನು ಹೊರಕ್ಕೆ ಮಡಚಿ ಒಂದು ಅಂಚು ಮಾಡಿರುತ್ತಾರೆ. ಆ ಮಡಿಕೆ ಒಳಗೆ ಟೊಳ್ಳು. ಹಸಿ ಸಿಡಿಪುಡಿಯನ್ನು ಕೊಳವೆಗೆ ಹಾಕಿ ಗಿರ್ರನೆ ತಿರುಗಿಸಿದರೆ ಅದು ಹೊರಕ್ಕೆ ಹರಿದು ಅಂಚಿನ ಟೊಳ್ಳಿನಲ್ಲಿ ಸುತ್ತಲೂ ತುಂಬಿಕೊಳ್ಳುತ್ತದೆ. ಕೋವಿಯ ಮೊಳೆ ಅಂಚಿಗೆ ಬಡಿದಾಗ ಹಿತ್ತಾಳೆ ನುಗ್ಗಾಗಿ, ಪುಡಿ ಅದುಮಿದಂತಾಗಿ ಸಿಡಿಯುತ್ತದೆ. 1845ರಲ್ಲಿ ಫ್ರಾನ್ಸಿನ ಕೋವಿ ಕುಶಲಕರ್ಮಿ ಲೂಯಿ ನಿಕೋಲಾ ಫ್ಲೋಬೇರ್ ಈ ಬಗೆಯ ಪುಟಾಣಿ ತೋಟಾವನ್ನು ತಂದರು. 1857ರಲ್ಲಿ ಅಮೆರಿಕದ ಸ್ಮಿತ್ ಅಂಡ್ ವೆಸನ್ ಕಂಪನಿ .22 ಶಾರ್ಟ್ ಎಂಬ ತೋಟಾ ಹೊರತಂದಿತು. 1887ರಲ್ಲಿ ಸ್ಟೀವನ್ಸ್ ಕಂಪನಿಯಿಂದ ಬಂದ .22 ಲಾಂಗ್ ರೈಫಲ್ ಎಂಬ ತೋಟಾ ಇಂದಿಗೂ ಜಗತ್ತಿನಾದ್ಯಂತ ಬಳಕೆಯಲ್ಲಿದೆ.

ಎರಡನೆಯ ಕುಲ ಸೆಂಟರ್‌ಫೈರ್. ಇಲ್ಲಿ ಕೊಳವೆಯ ಬುಡ ದಪ್ಪನೆಯ ಗಟ್ಟಿ ಹಿತ್ತಾಳೆ. ಅದರ ನಟ್ಟನಡುವೆ ಒಂದು ಕುಳಿ ತೋಡಿ, ಪುಟ್ಟ ಬಟ್ಟಲಿನಂಥ ಕೇಪನ್ನು ಅದರಲ್ಲಿ ಕೂರಿಸುತ್ತಾರೆ. ಮೊಳೆ ಬಡಿಯುವುದು ಕೇಪಿಗೆ ಮಾತ್ರ.

ಈಗ ತೆಳುವಿನ ಮಾತಿಗೆ ಬರೋಣ. ರಿಮ್‌ಫೈರ್ ತೋಟಾ ಸಿಡಿಯಬೇಕಾದರೆ ಅಂಚು ಒಂದು ಪೆಟ್ಟಿಗೆ ನುಗ್ಗಾಗುವಷ್ಟು ತೆಳುವಿರಲೇಬೇಕು. ಅಷ್ಟು ತೆಳುವಾದ ಹಿತ್ತಾಳೆ ಹೆಚ್ಚಿನ ಒತ್ತಡ ತಾಳಲಾರದು. ಒತ್ತಡ ತಾಳಲೆಂದು ದಪ್ಪ ಮಾಡಿದರೆ ಮೊಳೆಯ ಪೆಟ್ಟಿಗೆ ಜಗ್ಗದು. ಈ ಇಕ್ಕಟ್ಟಿನಿಂದ ರಿಮ್‌ಫೈರ್ ಎಂದೂ ಹೊರಬರಲಿಲ್ಲ. .22 ಲಾಂಗ್ ರೈಫಲ್ಲಿನ ಗರಿಷ್ಠ ಒತ್ತಡವನ್ನು ವಾತಾವರಣದ ಒತ್ತಡದ ಸುಮಾರು 1600 ಪಟ್ಟಿಗೆ ಮಿತಗೊಳಿಸಿದ್ದಾರೆ. ಸೆಂಟರ್‌ಫೈರ್ .223 ರೆಮಿಂಗ್ಟನ್ ತೋಟಾದಲ್ಲಿ ಅದು 3700 ಪಟ್ಟು. ಅಮೆರಿಕದ ಅಂತರ್ಯುದ್ಧದಲ್ಲಿ ಸ್ಪೆನ್ಸರ್ ಮತ್ತು ಹೆನ್ರಿ ರೈಫಲ್ಲುಗಳು ದೊಡ್ಡ ರಿಮ್‌ಫೈರ್ ತೋಟಾಗಳನ್ನು ಹಾರಿಸಿದ್ದವು. ಯುದ್ಧದ ಕೋವಿಗಳು ಹೆಚ್ಚು ಒತ್ತಡ ಬೇಡತೊಡಗಿದಂತೆ ಅವು ಮರೆಯಾದವು. ಸಣ್ಣದಾಗಿ, ಅಗ್ಗವಾಗಿ ಉಳಿದ .22 ಮಾತ್ರ ಬಾಳಿತು.

ಕೊಳವೆಯೊಳಗೊಂದು ಕೊಳವೆ

ಸೈನಿಕನಿಗೆ ಗುರಿ ಕಲಿಸುವುದು ದುಬಾರಿ ಕೆಲಸ. ಒಂದೊಂದು ತೋಟಾಕ್ಕೂ ಹಣ ಬೇಕು. ಅದಕ್ಕಿಂತ ಹೆಚ್ಚಾಗಿ ಜಾಗ ಬೇಕು. ಕಿಲೋಮೀಟರುಗಟ್ಟಲೆ ಹಾರಬಲ್ಲ ಗುಂಡಿಗೆ ಅಷ್ಟೇ ದೊಡ್ಡ ಬಯಲು, ಅದರ ಕೊನೆಗೆ ಮಣ್ಣಿನ ದಿಬ್ಬ ಇರಬೇಕು. ಊರಿನ ನಡುವೆ ಇದಾಗದು.

ಬ್ರಿಟನ್ನಿನಲ್ಲಿ 1880ರ ದಶಕದಲ್ಲಿ ಇದಕ್ಕೊಂದು ಉಪಾಯ ಬಂತು. ಅದರ ಹೆಸರು ಮಾರಿಸ್ ಟ್ಯೂಬ್. ಮಾರ್ಟಿನಿ–ಹೆನ್ರಿ ರೈಫಲ್ಲಿನ ನಳಿಗೆಯ ಒಳವ್ಯಾಸ .45 ಇಂಚು, ಅಂದರೆ ಸುಮಾರು 11.4 ಮಿ.ಮೀ. ಅದರೊಳಗೆ ಒಂದು ಸಪೂರ ನಳಿಗೆಯನ್ನು ತೂರಿಸಿ, ಚಿಕ್ಕ ತೋಟಾ ಹಾರಿಸುವಂತೆ ಮಾಡಿದರು. ಆಗ ಬಳಸಿದ ಚಿಕ್ಕ ತೋಟಾ ಕೂಡ ಸೆಂಟರ್‌ಫೈರ್ ಕುಲದ್ದೇ. ಇಂದಿನ ಎಲ್ಲ ಕನ್ವರ್ಷನ್ ಕಿಟ್‌ಗಳಿಗೂ ಈ ಕೊಳವೆಯೇ ಮೂಲಪುರುಷ.

1899ರಿಂದ 1902ರವರೆಗೆ ನಡೆದ ಬೋಯರ್ ಯುದ್ಧದಲ್ಲಿ ದಕ್ಷಿಣ ಆಫ್ರಿಕಾದ ರೈತರ ಗುರಿಗಾರಿಕೆ ಬ್ರಿಟಿಷರನ್ನು ಬೆಚ್ಚಿಬೀಳಿಸಿತು. ಸೇನಾಪತಿ ಲಾರ್ಡ್ ರಾಬರ್ಟ್ಸ್ ಮೊದಲಾದವರು ಊರೂರಿಗೆ ರೈಫಲ್ ಕ್ಲಬ್ಬುಗಳು ಬೇಕೆಂದರು. ಸಭಾಂಗಣಗಳಲ್ಲೂ ಅಭ್ಯಾಸ ಮಾಡಬಹುದಾದ ಅಗ್ಗದ .22 ತೋಟಾಕ್ಕೆ ಆಗ ಬೇಡಿಕೆ ಬಂತು. ಸವೆದುಹೋದ .303 ನಳಿಗೆಗಳನ್ನು ಕೊರೆದು, ಒಳಗೆ .22 ಕೊಳವೆಯನ್ನು ಕೂರಿಸುವ ‘ಪಾರ್ಕರಿಫ್ಲಿಂಗ್’ ವಿಧಾನಕ್ಕೆ ಪಾರ್ಕರ್ ಕಂಪನಿ ಹೆಸರಾಯಿತು. ಎನ್‌ಸಿಸಿ ಕೆಡೆಟ್‌ಗಳಿಗೆ ಬಂದ ನಂಬರ್ 2 ಮಾರ್ಕ್ 4 ರೈಫಲ್ಲು ಈ ವಂಶದ್ದೇ.

ಅಮೆರಿಕದಲ್ಲಿ ಇನ್ನೊಂದು ದಾರಿ ಹಿಡಿದರು. ಹಾಫರ್ ಮತ್ತು ಥಾಂಪ್ಸನ್ ಎಂಬ ಇಬ್ಬರು ಸೇನಾಧಿಕಾರಿಗಳು ದೊಡ್ಡ ತೋಟಾದ ಆಕಾರದ, ಗಾತ್ರದ ಉಕ್ಕಿನ ಹಿಡಿಕೆಯೊಂದನ್ನು ರೂಪಿಸಿದರು. ಅದರೊಳಗೆ .22 ಶಾರ್ಟ್ ತೋಟಾ ಕೂರುತ್ತಿತ್ತು. ಐದು ಹಿಡಿಕೆಗಳನ್ನು 1903 ಮಾದರಿಯ ಸ್ಪ್ರಿಂಗ್‌ಫೀಲ್ಡ್ ರೈಫಲ್ಲಿಗೆ ತುಂಬಿದರೆ, ಯುದ್ಧದಲ್ಲಿ ಮಾಡುವಂತೆಯೇ ತೋಟಾದ ಹಿಂದೆ ಬಾಗಿಲಿನಂತೆ ಮುಚ್ಚುವ ಬೋಲ್ಟನ್ನು ಎಳೆದು, ತಳ್ಳಿ, ಒಂದಾದ ಮೇಲೊಂದು ಹಾರಿಸಬಹುದಿತ್ತು. ಇದಕ್ಕೆಂದೇ ಆ ರೈಫಲ್ಲಿಗೆ .22 ನಳಿಗೆ ಜೋಡಿಸಿರುತ್ತಿದ್ದರು. ತೋಟಾ ಎಷ್ಟೇ ಚಿಕ್ಕದಾಗಿರಲಿ, ಕೈಯ ಅಭ್ಯಾಸ ದೊಡ್ಡದರದ್ದೇ ಆಗಿರಬೇಕು ಎಂಬುದು ಇಲ್ಲಿನ ತತ್ವ. ಈ ಥಾಂಪ್ಸನ್ನರೇ ಮುಂದೆ ‘ಟಾಮಿ ಗನ್’ ಮೂಲಕ ಲೋಕಪ್ರಸಿದ್ಧರಾದ ಜಾನ್ ಟಿ. ಥಾಂಪ್ಸನ್. ಎರಡು ಮಹಾಯುದ್ಧಗಳ ನಡುವೆ ಜರ್ಮನಿಯ ಎರ್ಫುರ್ಟಿನ ಎರ್ಮಾ ಕಂಪನಿ ಮೌಸರ್ ರೈಫಲ್ಲುಗಳಿಗೆ ತೂರುನಳಿಗೆಯ ಕಿಟ್ ಮಾಡಿತು. ಎರಡನೇ ಮಹಾಯುದ್ಧದ ನಂತರ ಹೆಕ್ಲರ್ ಉಂಡ್ ಕೋಖ್ ಕಂಪನಿ 7.62 ಮಿ.ಮೀ.ನ ಜಿ3 ರೈಫಲ್ಲಿಗೆ ಇಂಥದೇ ಕಿಟ್ ತಯಾರಿಸಿತು.

ಇವೆಲ್ಲದರಲ್ಲೂ ಒಂದು ಸಾಮಾನ್ಯ ತೊಡಕಿತ್ತು. ನಳಿಗೆಗೆ ಗುಂಡು ಬಿಗಿಯಾಗಿ ಕೂರಬೇಕು. ಮಕ್ಕಳಾಟದ ಪೆಟ್ಲಿನಲ್ಲಿ ಬಿದಿರ ಕೊಳವೆಗೆ ಕಾಯಿ ಸಡಿಲವಾದರೆ ಗಾಳಿ ಸೋರಿಹೋಗಿ ಕಾಯಿ ಅಲ್ಲೇ ಬೀಳುತ್ತದಲ್ಲ, ಹಾಗೆಯೇ 5.7 ಮಿ.ಮೀ.ನ .22 ಗುಂಡಿಗೆ 7.62ರ ನಳಿಗೆ ಸಡಿಲ. ಆದ್ದರಿಂದ ಉದ್ದನೆಯ ಒಳನಳಿಗೆಯೋ ಬೇರೆಯದೇ .22 ನಳಿಗೆಯೋ ಬೇಕೇಬೇಕಿತ್ತು.

ಎಂ16 ತಂದ ಕಾಕತಾಳೀಯ

1960ರ ದಶಕದಲ್ಲಿ ಅಮೆರಿಕದ ಸೇನೆ ಎಂ16 ರೈಫಲ್ಲನ್ನು ಕೈಗೆತ್ತಿಕೊಂಡಾಗ ಈ ತೊಡಕು ತಾನಾಗಿಯೇ ಬಿಡಿಸಿಕೊಂಡಿತು. ಅದರ ತೋಟಾ 5.56 ಮಿ.ಮೀ.; ಗುಂಡಿನ ನಿಜವಾದ ವ್ಯಾಸ .224 ಇಂಚು. .22 ಲಾಂಗ್ ರೈಫಲ್ಲಿನ ಗುಂಡೂ ಹೆಚ್ಚುಕಡಿಮೆ ಅಷ್ಟೇ. .22ಕ್ಕೆಂದೇ ಮಾಡಿದ ನಳಿಗೆಗಳಲ್ಲಿ ಒಳಮೈಯ ಸುರುಳಿ ತೋಡಿನ ಅಳತೆ ಸುಮಾರು .222 ಇಂಚು ಇರುತ್ತದೆ. ವ್ಯತ್ಯಾಸ ಇಂಚಿನ ಸಾವಿರದಲ್ಲಿ ಎರಡು ಪಾಲು, ಮಿಲಿಮೀಟರಿನ ಇಪ್ಪತ್ತನೇ ಒಂದು ಭಾಗ. ಅಂದರೆ ಎಂ16ರ ನಳಿಗೆಯನ್ನೇ .22 ಗುಂಡು ಬಳಸಿಕೊಳ್ಳಬಹುದು, ಒಳನಳಿಗೆ ಬೇಕಿಲ್ಲ.

ಎರಡು ತೋಟಾಗಳನ್ನು ಮೇಜಿನ ಮೇಲೆ ಅಕ್ಕಪಕ್ಕ ನಿಲ್ಲಿಸಿ ನೋಡಿ. .22ರ ಪೂರ್ತಿ ಉದ್ದ ಒಂದು ಇಂಚು, 25.4 ಮಿ.ಮೀ. 5.56ರದ್ದು 57 ಮಿ.ಮೀ. ದಾಟುತ್ತದೆ. .22ರ ಕೊಳವೆಯಲ್ಲಿ ಸುಮಾರು 0.1 ಗ್ರಾಂ ಮದ್ದು, 5.56ರಲ್ಲಿ ಅದರ ಹದಿನೈದು ಪಟ್ಟಿಗೂ ಹೆಚ್ಚು. ಸಾಮಾನ್ಯ ವೇಗದ .22ರಿಂದ 2.6 ಗ್ರಾಂ ತೂಕದ ಗುಂಡು ಸೆಕೆಂಡಿಗೆ ಸುಮಾರು 328 ಮೀಟರ್ ವೇಗದಲ್ಲಿ ಹೊರಬೀಳುತ್ತದೆ. ಎಂ16ರ ಮೊದಲ ಕಾಲದ ಎಂ193 ತೋಟಾದಲ್ಲಿ 3.56 ಗ್ರಾಂ ಗುಂಡು ಸುಮಾರು 990 ಮೀಟರ್ ವೇಗದಲ್ಲಿ ಹಾರುತ್ತದೆ. ಚಲನಶಕ್ತಿಯ ಲೆಕ್ಕ ಹಾಕಿದರೆ ಮೊದಲನೆಯದು 140 ಜೌಲ್, ಎರಡನೆಯದು 1740 ಜೌಲ್. ಹನ್ನೆರಡು ಪಟ್ಟಿಗೂ ಮೇಲೆ. ಗುಂಡುಗಳ ದಪ್ಪ ಒಂದೇ ಆದರೂ ಕಸುವು ಬೇರೆ ಬೇರೆ. ಕಿಟ್ ಮಾಡುವವರು ದಾಟಬೇಕಾದ ಕಂದಕ ಇದು.

ಅಮೆರಿಕದ ಸೇನೆ ಎಂ16ಕ್ಕೆಂದು ಬಳಸಿದ ಕಿಟ್‌ನ ಹೆಸರು ಎಂ261. ಅದರಲ್ಲಿ ಎರಡು ಬಗೆಯ ಭಾಗಗಳು. ಒಂದು, ಕೋವಿಯ ಮೂಲ ಬೋಲ್ಟಿನ ಜಾಗದಲ್ಲಿ ಕೂರುವ ಬದಲಿ ಬೋಲ್ಟ್. ಇನ್ನೊಂದು, ಮಾಮೂಲಿ ಮ್ಯಾಗಜೀನಿನೊಳಗೆ ಇಳಿಯುವ, ಹತ್ತು ಪುಟ್ಟ ತೋಟಾ ಹಿಡಿಸುವ ಒಳಪೆಟ್ಟಿಗೆ. ಬದಲಿ ಬೋಲ್ಟಿನ ಮುಂಭಾಗಕ್ಕೆ ಒಂದು ಉಕ್ಕಿನ ಮೂಗು ಇದೆ. ಅದರ ಹೊರ ಆಕಾರ ಥೇಟ್ 5.56 ಕೊಳವೆಯದ್ದು. ನಳಿಗೆಯ ಹಿಂತುದಿಯಲ್ಲಿ ತೋಟಾ ಕೂರಲು ಕೊರೆದ ಗೂಡಿರುತ್ತದಲ್ಲ, ಅದನ್ನು ಈ ಮೂಗು ಪೂರ್ತಿ ತುಂಬಿಕೊಳ್ಳುತ್ತದೆ. ಮೂಗಿನೊಳಗೆ .22ಕ್ಕೆ ತಕ್ಕ ಪುಟ್ಟ ಗೂಡು. ಅರಮನೆಯ ಕೋಣೆಯೊಳಗೆ ತೊಟ್ಟಿಲು ಇಟ್ಟ ಹಾಗೆ.

ಬೀಗವಿಲ್ಲದ ಬಾಗಿಲು

ಬೋಲ್ಟನ್ನೇ ಏಕೆ ಬದಲಿಸಬೇಕು? ಮೂಲ ಬೋಲ್ಟಿನ ಮುಂದೆಯೇ ಈ ಪುಟ್ಟ ತೋಟಾ ಇಟ್ಟು ಹಾರಿಸಬಾರದೆ?

ಮೊದಲ ಅಡ್ಡಿ ಪೆಟ್ಟಿನ ಜಾಗ. ಎಂ16ರ ಮೊಳೆ ಬಡಿಯುವುದು ನಡುವಿಗೆ. .22ರ ಬುಡದ ನಡುವಿನಲ್ಲಿ ಸಿಡಿಪುಡಿಯೇ ಇಲ್ಲ, ಇರುವುದು ಅಂಚಿನಲ್ಲಿ. ಹಾಗಾಗಿ ಬದಲಿ ಬೋಲ್ಟಿನ ಮೊಳೆ ಪಕ್ಕಕ್ಕೆ ಸರಿದು ಅಂಚಿಗೆ ಬಡಿಯುವಂತಿರಬೇಕು.

ಎರಡನೆಯ ಅಡ್ಡಿ ಇನ್ನೂ ಆಳದ್ದು. 5.56 ಸಿಡಿದಾಗ ಒತ್ತಡ ಇಳಿಯುವವರೆಗೂ ಗೂಡಿನ ಬಾಗಿಲು ಭದ್ರವಾಗಿ ಮುಚ್ಚಿರಬೇಕು. ಅದಕ್ಕೆಂದು ಎಂ16ರ ಬೋಲ್ಟಿಗೆ ಹಲ್ಲುಗಳಿವೆ. ಅವು ತಿರುಗಿ ಕಚ್ಚಿಕೊಂಡು ಬೀಗ ಹಾಕುತ್ತವೆ. ಗುಂಡು ನಳಿಗೆಯ ಮುಂಭಾಗದ ಒಂದು ರಂಧ್ರ ದಾಟಿದ ಮೇಲೆ ಸ್ವಲ್ಪ ಅನಿಲ ಅದರ ಮೂಲಕ ಹೊರಬಂದು, ಸಪೂರ ಕೊಳವೆಯಲ್ಲಿ ಹಿಂದಕ್ಕೆ ಹರಿದು ಬೀಗ ತೆಗೆಯುತ್ತದೆ. .22ರ 0.1 ಗ್ರಾಂ ಮದ್ದಿಗೆ ಈ ಬೀಗ ತೆಗೆಯುವ ಕಸುವಿಲ್ಲ. ಗುಂಡು ಆ ರಂಧ್ರಕ್ಕೆ ಬರುವ ಹೊತ್ತಿಗೆ ಒತ್ತಡ ತೀರ ಇಳಿದಿರುತ್ತದೆ.

ಆದ್ದರಿಂದ ಕಿಟ್ ಬೀಗವನ್ನೇ ಕೈಬಿಡುತ್ತದೆ. ಬಾಗಿಲನ್ನು ಹಿಡಿದಿಡುವುದು ಬೋಲ್ಟಿನ ತೂಕ ಮತ್ತು ಒಂದು ಸ್ಪ್ರಿಂಗ್ ಮಾತ್ರ. ಇದಕ್ಕೆ ‘ಬ್ಲೋಬ್ಯಾಕ್’ ಎನ್ನುತ್ತಾರೆ. ಇದು ನಡೆಯುವುದು ನ್ಯೂಟನ್ನನ ಸಂವೇಗ ಸಂರಕ್ಷಣೆಯ ಬಲದಿಂದ. ಹಿಂದೆ ಸರಿಯುವ ಭಾಗ 260 ಗ್ರಾಂ ಇದೆ ಎಂದುಕೊಳ್ಳಿ. ಗುಂಡು 2.6 ಗ್ರಾಂ, ಅಂದರೆ ನೂರನೇ ಒಂದು ಪಾಲು. ಎರಡನ್ನೂ ಅನಿಲ ಸಮಾನವಾಗಿ ತಳ್ಳಿದರೂ ಗುಂಡು ಎಂ16ರ ಅರ್ಧ ಮೀಟರ್ ನಳಿಗೆ ದಾಟುವ ಹೊತ್ತಿಗೆ ಬೋಲ್ಟ್ ಸರಿದಿರುವುದು 5 ಮಿ.ಮೀ. ಮಾತ್ರ. .22ರ ಕೊಳವೆಯ ಉದ್ದ 15 ಮಿ.ಮೀ.ಗೂ ಹೆಚ್ಚು. ಅದು ಇನ್ನೂ ಬಹುಪಾಲು ಗೂಡಿನೊಳಗೇ ಇರುವಾಗ ಗುಂಡು ಹೊರಟುಹೋಗಿ ಒತ್ತಡ ಬಿದ್ದಿರುತ್ತದೆ. ಉಳಿದ ಓಟದಿಂದ ಬೋಲ್ಟ್ ಖಾಲಿ ಕೊಳವೆಯನ್ನು ಹೊರಗೆಸೆದು, ಹೊಸ ತೋಟಾವನ್ನು ಎತ್ತಿಕೊಂಡು ಮುಂದೆ ಬರುತ್ತದೆ.

ಇದೇ ಬೀಗವಿಲ್ಲದ ಬಾಗಿಲಿನ ಮುಂದೆ 5.56 ಸಿಡಿದಿದ್ದರೆ? ಗುಂಡು ಭಾರ, ಹೊರಹೋಗುವ ಮದ್ದಿನ ಅನಿಲವೂ ಭಾರ, ಒತ್ತಡ ಎರಡು ಪಟ್ಟಿಗೂ ಹೆಚ್ಚು. ಒತ್ತಡ ಇಳಿಯುವ ಮೊದಲೇ ಕೊಳವೆಯ ಬುಡ ಗೂಡಿನಿಂದ ಹೊರಗೆ ಇಣುಕಿ ಹರಿದುಹೋಗುತ್ತಿತ್ತು. ತೆಳುವಾದ ಅಂಚಿನ ತೋಟಾಕ್ಕೆ ಒತ್ತಡ ಕಡಿಮೆ ಇರಲೇಬೇಕು ಎಂದೆವಲ್ಲ, ಆ ದೌರ್ಬಲ್ಯವೇ ಇಲ್ಲಿ ಕಿಟ್‌ಗೆ ವರವಾಯಿತು.

ಕೆಲವು ಕೋವಿಗಳಲ್ಲಿ ಸಮಸ್ಯೆ ತಿರುವುಮುರುವು. ಬೋಲ್ಟ್ ಅಥವಾ ಪಿಸ್ತೂಲಿನ ಜಾರುವ ಮೇಲ್ಭಾಗ ತೀರ ಭಾರವಾಗಿದ್ದು .22ಕ್ಕೆ ಅದನ್ನು ತಳ್ಳಲಾಗುವುದಿಲ್ಲ. ಇದಕ್ಕೆ ಸೊಗಸಾದ ಉತ್ತರ ಕೊಟ್ಟವರು ಡೇವಿಡ್ ಮಾರ್ಷಲ್ ವಿಲಿಯಮ್ಸ್. ಕೊಲೆಯೊಂದರ ಶಿಕ್ಷೆಗೆ ಉತ್ತರ ಕೆರೊಲಿನಾದ ಜೈಲಿನಲ್ಲಿದ್ದಾಗಲೇ ಕೋವಿಗಳ ಯಂತ್ರವಿನ್ಯಾಸದಲ್ಲಿ ತೊಡಗಿ, 1929ರಲ್ಲಿ ಬಿಡುಗಡೆಯಾದವರು ಅವರು. ಅವರ ಉಪಾಯದಲ್ಲಿ ಗೂಡೇ ನಳಿಗೆಯಿಂದ ಬಿಡಿಯಾದ, ಕೊಂಚ ಹಿಂದೆ ಸರಿಯಬಲ್ಲ ಒಂದು ತುಂಡು. ಅನಿಲ ಆ ತುಂಡಿನ ಮುಂಮುಖಕ್ಕೂ ನುಗ್ಗಿ ಹಿಂದಕ್ಕೆ ತಳ್ಳುತ್ತದೆ. ಒತ್ತಡ ಅಷ್ಟೇ ಇದ್ದರೂ ಅದು ಬೀಳುವ ಕ್ಷೇತ್ರಫಲ ಹೆಚ್ಚಾದ್ದರಿಂದ ಬಲ ಹೆಚ್ಚುತ್ತದೆ. ಈ ‘ತೇಲುಗೂಡು’ 1930ರ ದಶಕದಲ್ಲಿ ಕೋಲ್ಟ್ ಕಂಪನಿಯ .45 ಪಿಸ್ತೂಲಿನ .22 ರೂಪಕ್ಕೆ ಬಂತು. ಪುಟ್ಟ ತೋಟಾ ಹಾರಿಸಿದರೂ ಕೈಗೆ ದೊಡ್ಡದರ ಒದೆತ ಸಿಗುವಂತಾಯಿತು.

ಬುಗುರಿಯ ಲೆಕ್ಕ

ಕಿಟ್ ಹಾಕಿದ ಎಂ16 ಸಲೀಸಾಗಿ ಹಾರಿಸುತ್ತದೆ. ಗುರಿ ಎಷ್ಟು ನಿಖರ? ಇಲ್ಲಿ ಕಥೆ ಬಿಗಿಯಾಗುತ್ತದೆ.

ನಳಿಗೆಯ ಒಳಮೈಯಲ್ಲಿ ಸುರುಳಿ ತೋಡುಗಳಿರುತ್ತವೆ. ಗುಂಡು ಅವುಗಳಲ್ಲಿ ಕಚ್ಚಿಕೊಂಡು ತಿರುಗುತ್ತ ಹೊರಬರುತ್ತದೆ. ತಿರುಗುವ ಬುಗುರಿ ಬೀಳದಂತೆ, ತಿರುಗುವ ಗುಂಡು ಮಗುಚದೆ ಮೂಗು ಮುಂದಾಗಿ ಹಾರುತ್ತದೆ. ಎಷ್ಟು ಉದ್ದಕ್ಕೆ ಒಂದು ಸುತ್ತು ಬೇಕು ಎನ್ನುವುದಕ್ಕೆ ಇಂಗ್ಲೆಂಡಿನ ವೂಲಿಚ್‌ನಲ್ಲಿ ಫಿರಂಗಿ ದಳದ ಅಧಿಕಾರಿಗಳಿಗೆ ಗಣಿತ ಕಲಿಸುತ್ತಿದ್ದ ಆಲ್ಫ್ರೆಡ್ ಜಾರ್ಜ್ ಗ್ರೀನ್‌ಹಿಲ್ 1879ರಲ್ಲಿ ಒಂದು ಸರಳ ಸೂತ್ರ ಕೊಟ್ಟರು. ಗುಂಡಿನ ವ್ಯಾಸದ ವರ್ಗವನ್ನು 150ರಿಂದ ಗುಣಿಸಿ, ಗುಂಡಿನ ಉದ್ದದಿಂದ ಭಾಗಿಸಿ. .22ರ ಗುಂಡಿನ ಉದ್ದ ಸುಮಾರು 11.5 ಮಿ.ಮೀ., ವ್ಯಾಸ 5.7 ಮಿ.ಮೀ. ಲೆಕ್ಕ ಮಾಡಿದರೆ ಸುಮಾರು 420 ಮಿ.ಮೀ. ಬರುತ್ತದೆ. .22 ರೈಫಲ್ಲುಗಳಲ್ಲಿ ರೂಢಿಯಾಗಿರುವ ತಿರುಚು 16 ಇಂಚಿಗೆ ಒಂದು ಸುತ್ತು, ಅಂದರೆ 406 ಮಿ.ಮೀ. ನೂರಕ್ಕೂ ಹೆಚ್ಚು ವರ್ಷಗಳ ಅನುಭವ ಮತ್ತು ಒಂದು ಸಾಲಿನ ಗಣಿತ ಎರಡೂ ಒಂದೇ ಮಾತು ಹೇಳುತ್ತವೆ.

ಸೂತ್ರದಲ್ಲಿ ಉದ್ದ ಕೆಳಗಿದೆ ಎಂಬುದನ್ನು ಗಮನಿಸಿ. ಗುಂಡು ಉದ್ದವಾದಷ್ಟೂ ತಿರುಚು ಬಿಗಿಯಾಗಬೇಕು. 5.56ರ ಗುಂಡುಗಳು ಸಪೂರ, ಉದ್ದ. ಮೊದಲ ಎಂ16ಎ1ರಲ್ಲಿ 12 ಇಂಚಿಗೆ ಒಂದು ಸುತ್ತಿತ್ತು. 1980ರ ದಶಕದಲ್ಲಿ ಬಂದ ಎಂ16ಎ2ರಲ್ಲಿ ಇನ್ನೂ ಉದ್ದದ ಗುಂಡುಗಳಿಗಾಗಿ, ಮುಖ್ಯವಾಗಿ ಬೆಳಕಿನ ಗೆರೆ ಎಳೆಯುತ್ತ ಹೋಗುವ ಟ್ರೇಸರ್ ಗುಂಡಿಗಾಗಿ, 7 ಇಂಚಿಗೆ ಒಂದು ಸುತ್ತು ಮಾಡಿದರು. .22ರ ಮೋಟು ಗುಂಡಿಗೆ ಇದು ಅಗತ್ಯಕ್ಕಿಂತ ಎರಡು ಪಟ್ಟಿಗೂ ಮೀರಿದ ತಿರುಚು.

ಹೆಚ್ಚು ತಿರುಗಿದರೆ ಒಳ್ಳೆಯದೇ ಅಲ್ಲವೆ ಎನಿಸಬಹುದು. ಗುಂಡು ಪರಿಪೂರ್ಣವಾಗಿದ್ದರೆ ಹೌದು. ಆದರೆ ಅಗ್ಗದ ಮೆತ್ತನೆಯ ಸೀಸದ ಗುಂಡಿನ ಭಾರಕೇಂದ್ರ ಅದರ ನಡುಗೆರೆಯಿಂದ ಕೂದಲೆಳೆಯಷ್ಟಾದರೂ ಪಕ್ಕಕ್ಕಿರುತ್ತದೆ. ಅದು ಮಿಲಿಮೀಟರಿನ ನೂರನೇ ಒಂದು ಪಾಲು ಎಂದಿಟ್ಟುಕೊಳ್ಳೋಣ. ನಳಿಗೆಯೊಳಗೆ ಇರುವವರೆಗೆ ಈ ಕೇಂದ್ರ ನಡುಗೆರೆಯ ಸುತ್ತ ಸುತ್ತುತ್ತಿರುತ್ತದೆ. ನಳಿಗೆಯ ಬಾಯಿ ದಾಟಿದ ಕ್ಷಣ, ಕವಣೆಯಿಂದ ಬಿಟ್ಟ ಕಲ್ಲು ಅಡ್ಡಕ್ಕೆ ಹಾರುವಂತೆ, ಗುಂಡಿಗೂ ಒಂದು ಅಡ್ಡ ವೇಗ ಸಿಗುತ್ತದೆ. 16 ಇಂಚಿನ ತಿರುಚಿನಲ್ಲಿ ಗುಂಡು ಸೆಕೆಂಡಿಗೆ 800ಕ್ಕೂ ಹೆಚ್ಚು ಸುತ್ತು ತಿರುಗುತ್ತದೆ. ಅಡ್ಡ ವೇಗ ಸೆಕೆಂಡಿಗೆ 5 ಸೆಂ.ಮೀ. 7 ಇಂಚಿನ ತಿರುಚಿನಲ್ಲಿ ಸುಮಾರು 1850 ಸುತ್ತು, ಅಡ್ಡ ವೇಗ ಸೆಕೆಂಡಿಗೆ 11–12 ಸೆಂ.ಮೀ. 50 ಮೀಟರ್ ದೂರ ಕ್ರಮಿಸಲು ಗುಂಡಿಗೆ 0.16 ಸೆಕೆಂಡ್ ಬೇಕು. ಅಷ್ಟರಲ್ಲಿ ಮೊದಲನೆಯದು 8 ಮಿ.ಮೀ. ಸರಿದರೆ ಎರಡನೆಯದು ಸುಮಾರು 18 ಮಿ.ಮೀ. ಸರಿದಿರುತ್ತದೆ. ಯಾವ ಕಡೆಗೆ ಎನ್ನುವುದು ಗುಂಡಿನಿಂದ ಗುಂಡಿಗೆ ಬೇರೆ. ಹಲಗೆಯ ಮೇಲೆ ತೂತುಗಳು ಚದುರುತ್ತವೆ.

ಇನ್ನೊಂದು ಕಾರಣವೂ ಇದೆ. .22ಕ್ಕೆಂದೇ ಮಾಡಿದ ಕೋವಿಯಲ್ಲಿ ತೋಟಾ ಗೂಡಿನಲ್ಲಿ ಕೂತಾಗ ಗುಂಡು ಸುರುಳಿ ತೋಡುಗಳ ಹೊಸ್ತಿಲಲ್ಲೇ ಇರುತ್ತದೆ. ಕಿಟ್‌ನಲ್ಲಿ ಅದು ಉಕ್ಕಿನ ಮೂಗಿನೊಳಗಿನ ದಾರಿ ಹಾದು, ಮೂಗಿನ ತುದಿಯ ಸಂದನ್ನು ಜಿಗಿದು ನಳಿಗೆಗೆ ಸೇರಬೇಕು. ಮೆತ್ತನೆಯ ಸೀಸ ಆ ಜಿಗಿತದಲ್ಲಿ ಕೊಂಚ ವಾಲಿದರೂ, ಕೆರೆದರೂ ನಿಖರತೆ ಕೆಡುತ್ತದೆ.

ಇದು .22 ತೋಟಾದ ತಪ್ಪಲ್ಲ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ 50 ಮೀಟರ್ ರೈಫಲ್ ಮೂರು ಭಂಗಿಗಳ ಸ್ಪರ್ಧೆಯಲ್ಲಿ ಭಾರತದ ಸ್ವಪ್ನಿಲ್ ಕುಸಾಲೆ ಕಂಚು ಗೆದ್ದದ್ದು .22 ಲಾಂಗ್ ರೈಫಲ್ ತೋಟಾದಿಂದಲೇ. ಆ ಗುರಿಯ ಹತ್ತಂಕದ ವೃತ್ತದ ವ್ಯಾಸ 10.4 ಮಿ.ಮೀ., ನಮ್ಮ ಕಿರುಬೆರಳ ಉಗುರಿನಷ್ಟು. ತೋಟಾಕ್ಕೆ ತಕ್ಕ ನಳಿಗೆ ಸಿಕ್ಕಾಗ ಅದು ಏನು ಮಾಡಬಲ್ಲದು ಎಂಬುದಕ್ಕೆ ಇದು ಸಾಕ್ಷಿ. ಕಿಟ್‌ನಲ್ಲಿ ಅದು ಬೇರೆಯವರ ಮನೆಯಲ್ಲಿರುವ ಅತಿಥಿ.

ಮಸಿ, ಮೇಣ, ಸೀಸ

5.56ರ ಗುಂಡಿಗೆ ತಾಮ್ರದ ಹೊದಿಕೆಯಿದೆ. ಬಹುಪಾಲು .22 ಗುಂಡುಗಳು ಬರಿಯ ಸೀಸ, ಮೇಲೆ ಮೇಣ ಅಥವಾ ಎಣ್ಣೆಯ ಲೇಪ. ಅವು ಸುರುಳಿ ತೋಡುಗಳಿಗೆ ಸೀಸ ಸವರುತ್ತ ಹೋಗುತ್ತವೆ. ಅನಿಲದ ರಂಧ್ರ ಮತ್ತು ಸಪೂರ ಕೊಳವೆಯೊಳಗೂ ಮಸಿ, ಮೇಣ, ಸೀಸದ ಪುಡಿ ಸೇರುತ್ತವೆ. ಅವನ್ನು ಊದಿ ತೆಗೆಯುವಷ್ಟು ಒತ್ತಡ .22ಕ್ಕಿಲ್ಲ. ಆದ್ದರಿಂದ ಕಿಟ್ ತೆಗೆದು ದೊಡ್ಡ ತೋಟಾಕ್ಕೆ ಮರಳುವ ಮೊದಲು ನಳಿಗೆಯನ್ನು ಚೆನ್ನಾಗಿ ಉಜ್ಜಿ ಸ್ವಚ್ಛಗೊಳಿಸುವುದು ಕಡ್ಡಾಯ ಶಿಸ್ತು.

ಅದಕ್ಕಿಂತ ಗಂಭೀರವಾದದ್ದು ಸಿಕ್ಕಿಬಿದ್ದ ಗುಂಡು. ಅಂಚಿನ ಸುತ್ತ ಸಿಡಿಪುಡಿ ಸಮನಾಗಿ ಹರಡದಿದ್ದರೆ ರಿಮ್‌ಫೈರ್ ತೋಟಾ ಹುಸಿಯಾಗಬಹುದು, ಅರೆಬರೆ ಸಿಡಿಯಬಹುದು. ಅರೆಬರೆ ಸಿಡಿದ ಗುಂಡು ನಳಿಗೆಯ ನಡುವೆ ನಿಂತರೆ, ಅದರ ಹಿಂದೆ ಇನ್ನೊಂದನ್ನು ಹಾರಿಸುವುದು ಅಪಾಯ. ಗಮನಿಸದೆ ಕಿಟ್ ತೆಗೆದು 5.56 ಹಾರಿಸಿದರಂತೂ ನಳಿಗೆ ಉಬ್ಬಿ ಒಡೆಯಬಹುದು. ಸದ್ದು ಮಾಮೂಲಿಗಿಂತ ಕುಗ್ಗಿ ಕೇಳಿದರೆ ಅಲ್ಲಿಗೇ ನಿಲ್ಲಿಸಿ ನಳಿಗೆ ಪರೀಕ್ಷಿಸಬೇಕು ಎಂಬುದು ಇದರಿಂದ ಹುಟ್ಟಿದ ನಿಯಮ.

ಸೀಸದ ಹೊಗೆ ಹಾರಿಸುವವರ ಒಡಲಿಗೂ ಸೇರುತ್ತದೆ. ಸಿಡಿಪುಡಿಯಲ್ಲಿ ಸಾಮಾನ್ಯವಾಗಿ ಸೀಸದ ಸಂಯುಕ್ತವಿದೆ, ಗುಂಡಿನಿಂದಲೂ ಸೀಸದ ಧೂಳು ಏಳುತ್ತದೆ. ಪುಟ್ಟ ತೋಟಾವಾದ್ದರಿಂದ ಒಳಾಂಗಣದಲ್ಲಿ ಹಾರಿಸಬಹುದು ಎಂಬ ಅನುಕೂಲವೇ ಇಲ್ಲಿ ಹೊಣೆ ಹೆಚ್ಚಿಸುತ್ತದೆ. ಗಾಳಿ ಹೊರಹೋಗುವ ವ್ಯವಸ್ಥೆ ಬೇಕು, ಹಾರಿಸಿದ ಮೇಲೆ ಕೈ ತೊಳೆಯದೆ ಏನನ್ನೂ ತಿನ್ನಬಾರದು.

ಕಲಿಸುವುದೇನು, ಕಲಿಸದ್ದೇನು

ಇಷ್ಟೆಲ್ಲ ಕೊರತೆಯಿರುವ ಕಿಟ್ ಅನ್ನು ಸೇನೆಗಳು ಏಕೆ ಇಟ್ಟುಕೊಂಡವು? ಉತ್ತರ ಕೋವಿಯಲ್ಲಿಲ್ಲ, ಹಾರಿಸುವವನ ನರಮಂಡಲದಲ್ಲಿದೆ.

ಹೊಸಬನ ಕೈಗೆ ದೊಡ್ಡ ಕೋವಿ ಕೊಟ್ಟರೆ ಮೊದಲ ಗುಂಡಿಗೇ ಕಿವಿಗಡಚಿಕ್ಕುವ ಸದ್ದು, ಭುಜಕ್ಕೆ ಒದೆತ. ದೇಹ ಇದನ್ನು ಬೇಗ ನೆನಪಿಟ್ಟುಕೊಳ್ಳುತ್ತದೆ. ಮುಂದಿನ ಸಲ ಟ್ರಿಗರ್ ಎಳೆಯುವ ಮುನ್ನವೇ ಕಣ್ಣು ಮುಚ್ಚುತ್ತದೆ, ಭುಜ ಸೆಟೆಯುತ್ತದೆ, ಗುರಿ ಜಾರುತ್ತದೆ. ಇದನ್ನು ‘ಫ್ಲಿಂಚ್’ ಎನ್ನುತ್ತಾರೆ. ಒಮ್ಮೆ ಅಂಟಿಕೊಂಡರೆ ಬಿಡಿಸುವುದು ಕಷ್ಟ. .22ರಲ್ಲಿ ಒದೆತವೇ ಇಲ್ಲದ್ದರಿಂದ ಹೆದರಿಕೆ ಹುಟ್ಟುವುದಿಲ್ಲ. ಉಸಿರು ಹಿಡಿಯುವುದು, ಕಣ್ಣು, ಕೋವಿಯ ಹಿಂಗುರುತು, ಮುಂಗುರುತು ಮತ್ತು ಹಲಗೆಯನ್ನು ಒಂದೇ ಗೆರೆಗೆ ತರುವುದು, ಟ್ರಿಗರನ್ನು ಜರ್ಕಿಲ್ಲದೆ ಹಿಂಡುವುದು, ಇವು ಮೂರನ್ನೂ ನೂರಾರು ಸಲ ಪುನರಾವರ್ತಿಸಬಹುದು. ಕಿಟ್ ಇದ್ದರೆ ಈ ಪುನರಾವರ್ತನೆ ತನ್ನದೇ ಕೋವಿಯ ಅದೇ ಹಿಡಿ, ಅದೇ ಟ್ರಿಗರ್, ಅದೇ ಗುರುತುಗಳ ಮೇಲೆ ನಡೆಯುತ್ತದೆ. ಹಾಫರ್ ಮತ್ತು ಥಾಂಪ್ಸನ್ ಅರಸಿದ್ದು ಇದನ್ನೇ.

ಕಿಟ್ ಕಲಿಸದ ಪಾಠಗಳೂ ಇವೆ. ಗುಂಡು ಹಾರುತ್ತಲೇ ಭೂಮಿಯತ್ತ ಬೀಳುತ್ತಿರುತ್ತದೆ. 100 ಮೀಟರ್ ಹೋಗುವಷ್ಟರಲ್ಲಿ .22 ಗುಂಡು ನೇರಗೆರೆಯಿಂದ ಅರ್ಧ ಮೀಟರಿನಷ್ಟು ಕೆಳಗಿಳಿಯುತ್ತದೆ, 5.56 ಗುಂಡು ಸುಮಾರು 6 ಸೆಂ.ಮೀ. ಮಾತ್ರ. ಒಂದಕ್ಕೆ ಹೊಂದಿಸಿದ ಗುರುತು ಇನ್ನೊಂದಕ್ಕೆ ಹೊಂದದು. ಆದ್ದರಿಂದಲೇ ಕಿಟ್ ಅಭ್ಯಾಸವನ್ನು 25 ಮೀಟರಿನಂಥ ಹತ್ತಿರದ ದೂರದಲ್ಲಿ, ದೂರದ ಗುರಿಯಂತೆ ಕಾಣಲು ಕುಗ್ಗಿಸಿ ಬರೆದ ಹಲಗೆಗಳ ಮೇಲೆ ಮಾಡಿಸುತ್ತಾರೆ. ಗಾಳಿಯ ಓದು, ದೂರದ ಅಂದಾಜು, ಒದೆತದ ನಂತರ ಗುರಿಯನ್ನು ಮರಳಿ ಹಿಡಿಯುವುದು, ಬೀಗದ ಬೋಲ್ಟ್ ತಡೆದರೆ ಬಿಡಿಸುವುದು, ಇವು ದೊಡ್ಡ ತೋಟಾದಿಂದಲೇ ಬರಬೇಕು. ಕಿಟ್‌ನಲ್ಲಿ ಗುರಿ ಚದುರಿದರೆ ಅದು ಹುಡುಗನ ತಪ್ಪೋ ತಿರುಚಿನ ತಪ್ಪೋ ಎಂದು ಬೇರ್ಪಡಿಸಿ ನೋಡುವ ತರಬೇತುದಾರನೂ ಬೇಕು.

ಹೀಗೆ ತೂಗಿದರೆ ನನ್ನ ತೀರ್ಮಾನ ಇಷ್ಟು. ಕನ್ವರ್ಷನ್ ಕಿಟ್ ಕೋವಿಯನ್ನು ಕಲಿಸುವುದಿಲ್ಲ, ಕೈಯನ್ನು ಕಲಿಸುತ್ತದೆ. ಆ ಕೆಲಸದಲ್ಲಿ ಅದಕ್ಕೆ ಸಾಟಿಯಿಲ್ಲ, ಅದರಾಚೆಗೆ ಅದನ್ನು ಎಳೆದರೆ ಭೌತವಿಜ್ಞಾನ ಒಪ್ಪುವುದಿಲ್ಲ. ಒಂದು ಸಾಧನದ ಮಿತಿ ಅರಿತು ಬಳಸುವುದೇ ಎಂಜಿನಿಯರಿಂಗಿನ ಪ್ರಾಮಾಣಿಕತೆ.

ಕೊನೆಗೆ ಓದುಗರಿಗೆ, ಅದರಲ್ಲೂ ಎನ್‌ಸಿಸಿ ರೇಂಜಿನಲ್ಲಿ ಮಲಗಿ ಗುರಿಯಿಡಲಿರುವ ಮಕ್ಕಳಿಗೆ ಒಂದು ಮಾತು. ಒದೆತವಿಲ್ಲ, ಸದ್ದು ಕಡಿಮೆ ಎಂದು .22 ತೋಟಾವನ್ನು ಆಟಿಕೆಯೆಂದು ಎಣಿಸಬೇಡಿ. ಅದರ ಸದ್ದೂ 140 ಡೆಸಿಬೆಲ್‌ನ ಆಸುಪಾಸಿನದು, ಕಿವಿಗೆ ರಕ್ಷಣೆ ಬೇಕು. ಅದರ 140 ಜೌಲ್ ಶಕ್ತಿ ವೇಗದ ಬೌಲರನ ಚೆಂಡಿನಷ್ಟೇ ಇರಬಹುದು, ಆದರೆ ಅದೆಲ್ಲವೂ ಒತ್ತಿ ನಿಂತಿರುವುದು ಕಡಲೆಕಾಳಿಗಿಂತ ಚಿಕ್ಕ ಸೀಸದ ಮೊನೆಯ ಮೇಲೆ. ನಳಿಗೆಯನ್ನು ಎತ್ತಿ ಹಾರಿಸಿದರೆ ಆ ಗುಂಡು ಒಂದೂವರೆ ಕಿಲೋಮೀಟರಿನಷ್ಟು ದೂರ ಹೋಗಿ ಬೀಳಬಲ್ಲದು, ಅಲ್ಲಿಯವರೆಗೂ ಅಪಾಯಕಾರಿ.